ಕಣ್ಣು ಜಾರಿದ ಸಾಲು: ಹಳೆಯ ಪ್ರೇಮಕಾವ್ಯ ಅಚ್ಚಿಗೆ ಬರುವ ಬಗೆ

"ಹಳೇ ಕಾವ್ಯ ಇದ್ದದ್ದು ಇದ್ದಂಗ ಅಚ್ಚು ಹಾಕಿದ್ರಾಯ್ತು, ನಡುವ ಈ ಸಂಪಾದಕ ಯಾಕ್ರೀ?" ಕಲಬುರಗಿಯಲ್ಲಿ ಪುಸ್ತಕದ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಇದನ್ನು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ತೊಡಕು ಏನೆಂದರೆ, ಆ 'ಇದ್ದದ್ದು' ಯಾರ ಹತ್ತಿರವೂ ಇಲ್ಲ.

ನೇಮಿಚಂದ್ರನ 'ಲೀಲಾವತಿ ಪ್ರಬಂಧ'ವನ್ನೇ ತಗೊಳ್ಳಿ. 12ನೇ ಶತಮಾನದ ಕಾವ್ಯ. ಬನವಾಸಿಯ ರಾಜಕುಮಾರ ಕಂದರ್ಪ ಕನಸಿನಲ್ಲಿ ಒಬ್ಬ ಚೆಲುವೆಯನ್ನು ಕಾಣುತ್ತಾನೆ, ಗೆಳೆಯನನ್ನು ಕಟ್ಟಿಕೊಂಡು ಅವಳನ್ನು ಹುಡುಕಲು ಹೊರಡುತ್ತಾನೆ. ಪಕ್ಕಾ ಪ್ರೇಮಕಥೆ. ಆದರೆ ನೇಮಿಚಂದ್ರ ತನ್ನ ಕೈಯಾರೆ ಬರೆದ ಓಲೆ ಉಳಿದಿಲ್ಲ. ಓಲೆಗರಿಗೆ ಆಯುಷ್ಯ ಕಡಿಮೆ. ಹುಳ, ತೇವ, ಬೆಂಕಿ ಇವುಗಳಿಂದ ಪಾರಾದರೂ ಕೆಲವು ನೂರು ವರ್ಷಕ್ಕೆ ಅಂಚು ಮುರಿಯತೊಡಗುತ್ತದೆ. ಅಷ್ಟರೊಳಗೆ ಯಾರೋ ಅದನ್ನು ಹೊಸ ಗರಿಗೆ ಇಳಿಸಬೇಕು. ಅದೂ ಹಳತಾದಾಗ ಮತ್ತೊಬ್ಬರು. ನಮ್ಮ ಕೈಗೆ ಬರುವುದು ನಕಲಿನ ನಕಲಿನ ನಕಲು. ಎರಡು ನಕಲು ಸಿಕ್ಕರೆ ಎರಡೂ ಒಂದೇ ತರ ಇರುವುದಿಲ್ಲ. ಆಗ ಯಾರೋ ಕೂತು ಇದು ಕವಿಯದು, ಇದು ಬರೆದುಕೊಂಡವನ ಕೈತಪ್ಪು ಅಂತ ತೀರ್ಮಾನ ಮಾಡಬೇಕಾಗುತ್ತದೆ. ಸಂಪಾದಕರ ಕೆಲಸ ಅದು.

ಮಾತಿನಲ್ಲಿ ಹೇಳಿದರೆ ಗಾಳಿಯಲ್ಲಿ ಗುದ್ದಿದ ಹಾಗೆ. ತೋರಿಸುವುದಕ್ಕಾಗಿ ನಾನೇ ಒಂದು ಪದ್ಯ ಕಟ್ಟಿದ್ದೇನೆ. ಯಾವ ಹಳೆಯ ಕಾವ್ಯದ್ದೂ ಅಲ್ಲ, ಧೈರ್ಯವಾಗಿ ಬಯ್ಯಬಹುದು:

ಕಾಡ ನಡುವಿನ ಕೆರೆಯ ದಡದಲಿ ಕುವರ ಕುದುರೆಯನಿಳಿದನು
ನೋಡಿದನು ನೀರೊಳಗೆ ಹೆಣ್ಣಿನ ನೆರಳ, ಮೆಟ್ಟಿಲನಿಳಿದನು
ಮಾಡವೆಲ್ಲಿದೆ ಮನೆಯದೆಲ್ಲಿದೆ ಎಂದು ಚೆಲುವೆಯ ಕೇಳ್ದನು
ಬಾಡಿ ಹೋಗಿಹ ಹೂವ ತೋರುತ ನಾಗಲೋಕದೊಳೆಂದಳು

ಇದನ್ನು ಒಬ್ಬ ಲಿಪಿಕಾರ ನಕಲು ಮಾಡುತ್ತಿದ್ದಾನೆ ಅನ್ನಿ. ಓಲೆಯಲ್ಲಿ ಹೀಗೆ ಸಾಲು ಬಿಡಿಸಿ ಬರೆಯುವ ಪದ್ಧತಿ ಇಲ್ಲ. ಪದಗಳ ನಡುವೆ ಜಾಗವೂ ಇಲ್ಲ. ಗರಿ ತುಂಬ ಎಡದಿಂದ ಬಲಕ್ಕೆ ಒಂದೇ ಸಮ ಅಕ್ಷರ. ಮೊದಲ ಸಾಲಿನ 'ಇಳಿದನು' ಬರೆದ. ಒಳಗಿನಿಂದ ಹೆಂಡತಿ ಕರೆದಳು. ಎದ್ದು ಹೋಗಿ ಬಂದ. ಎಲ್ಲಿಗೆ ನಿಲ್ಲಿಸಿದ್ದೆ? 'ಇಳಿದನು' ಹತ್ತಿರ. ಕಣ್ಣು 'ಇಳಿದನು' ಹುಡುಕಿತು, ಸಿಕ್ಕಿತು. ಆದರೆ ಸಿಕ್ಕಿದ್ದು ಎರಡನೇ ಸಾಲಿನ 'ಇಳಿದನು'. ಅಲ್ಲಿಂದ ಮುಂದುವರಿಸಿದ. ಒಂದು ಇಡೀ ಸಾಲು ಮಾಯ! ಅವನ ನಕಲಿನಲ್ಲಿ ಕುವರ ಕುದುರೆ ಇಳಿದ ತಕ್ಷಣ ಎಲ್ಲಿಂದಲೋ ಬಂದ ಚೆಲುವೆಯ ಹತ್ತಿರ ಮನೆ ವಿಳಾಸ ಕೇಳುತ್ತಾನೆ. ಅವಳು ನೀರಿನಲ್ಲಿ ಕಂಡದ್ದು ಹೋಯಿತು. ನಾಗಲೋಕ ಯಾಕೆ ಬಂತು ಅಂತ ಓದುಗನಿಗೆ ತಿಳಿಯುವುದಿಲ್ಲ.

ಇದು ಲೋಕದ ಎಲ್ಲ ಭಾಷೆಗಳ ಹಸ್ತಪ್ರತಿಗಳಲ್ಲಿ ಸಿಗುವ ತಪ್ಪು. ಲ್ಯಾಟಿನ್ ಇರಲಿ, ಫ್ರೆಂಚ್ ಇರಲಿ, ಹಳಗನ್ನಡ ಇರಲಿ, ಒಂದೇ ತರ ಕೊನೆಯಾಗುವ ಎರಡು ಸಾಲು ಹತ್ತಿರ ಬಂದರೆ ಅಲ್ಲಿ ಕಣ್ಣು ಜಾರುತ್ತದೆ.

ಹಿಡಿಯುವುದು ಹೇಗೆ? ಚೌಪದಿಯಲ್ಲಿ ಮೂರೇ ಸಾಲು ಇದ್ದರೆ ಎಣಿಕೆಯೇ ಹೇಳಿಬಿಡುತ್ತದೆ. ಅದಕ್ಕೇ ಗದ್ಯಕ್ಕಿಂತ ಪದ್ಯ ಸಂಪಾದಕರಿಗೆ ಹಿತ. ಕನ್ನಡದಲ್ಲಿ ಇನ್ನೊಂದು ಕಾವಲು ಇದೆ, ಎರಡನೇ ಅಕ್ಷರದ ಪ್ರಾಸ. ಮೇಲಿನ ಪದ್ಯ ನೋಡಿ: ಕಾಡ, ನೋಡಿ, ಮಾಡ, ಬಾಡಿ. ನಾಲ್ಕರಲ್ಲೂ 'ಡ'. ಇನ್ನೊಬ್ಬ ಲಿಪಿಕಾರ 'ನೋಡಿದನು' ಬದಲು 'ಕಂಡನಾ' ಅಂತ ಬರೆದ ಅನ್ನಿ. ಅರ್ಥ ಕೆಡಲಿಲ್ಲ. ಮಾತ್ರೆ ಎಣಿಸಿ, 'ನೋಡಿದನು' ಐದು, 'ಕಂಡನಾ' ಕೂಡ ಐದು. ಛಂದಸ್ಸೂ ಕೆಡಲಿಲ್ಲ. ಸಿಕ್ಕಿಬೀಳುವುದು ಪ್ರಾಸದಲ್ಲಿ. 'ಕಂಡ'ದಲ್ಲಿ ಡ ಇದೆಯಲ್ಲ ಅನ್ನಬಹುದು. ಆದರೆ ಅದರ ಹಿಂದೆ ಸೊನ್ನೆ ಬಂತು. ಒಂದು ಸಾಲಿಗೆ ಸೊನ್ನೆ ಬಂದರೆ ಎಲ್ಲ ಸಾಲಿಗೂ ಬರಬೇಕು, ನಿಯಮ ಅಷ್ಟು ಬಿಗಿ. ಪ್ರಾಸದ ಚರ್ಚೆ ಕವಿರಾಜಮಾರ್ಗದಲ್ಲೇ ಇದೆ. ಆ ಗ್ರಂಥ ಹುಟ್ಟಿದ ರಾಷ್ಟ್ರಕೂಟರ ಮಳಖೇಡ ನಮ್ಮ ಜಿಲ್ಲೆಯಲ್ಲೇ, ಕಾಗಿಣಾ ಹೊಳೆ ದಂಡೆಯ ಮೇಲಿದೆ. 9ನೇ ಶತಮಾನದಲ್ಲಿ ಕವಿಗಳಿಗೆ ಹಾಕಿದ ಶಿಸ್ತು ಸಂಪಾದಕರಿಗೆ ಇವತ್ತೂ ಅನ್ನ ಹಾಕುತ್ತಿದೆ.

ಮೂರನೇ ಬಗೆಯದು ಸ್ವಲ್ಪ ಸೂಕ್ಷ್ಮ. 'ಮಾಡ' ಅಂದರೆ ಮನೆ, ಉಪ್ಪರಿಗೆ. ಆ ಪದ ಗೊತ್ತಿಲ್ಲದ ಒಬ್ಬ ಅದನ್ನು 'ಮೋಡ' ಅಂತ ತಿದ್ದಿದ. 'ಮೋಡವೆಲ್ಲಿದೆ'. ಪ್ರಾಸ ಸರಿ, ಮಾತ್ರೆ ಸರಿ, ಕಾಡು ಕೆರೆ ಇರುವಲ್ಲಿ ಮೋಡವೂ ಇರಬಹುದಲ್ವಾ? ಎರಡು ಪ್ರತಿ ಎದುರಿಗಿವೆ, ಒಂದರಲ್ಲಿ ಮಾಡ, ಒಂದರಲ್ಲಿ ಮೋಡ. ಯಾವುದನ್ನು ಆರಿಸುವುದು? ಇಲ್ಲಿ ಸಂಪಾದಕರು ಬಳಸುವ ಸೂತ್ರ ಕೇಳಲು ವಿಚಿತ್ರ: ಕಷ್ಟದ ಪದವನ್ನೇ ಹಿಡಿ. ಗೊತ್ತಿರುವ 'ಮೋಡ'ವನ್ನು ಯಾರೂ ಸುಮ್ನೆ ಗೊತ್ತಿಲ್ಲದ 'ಮಾಡ' ಮಾಡುವುದಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿರುವುದಕ್ಕೆ ತಿರುಗಿಸುವುದು ಮನುಷ್ಯ ಸ್ವಭಾವ. ಹಾಗಂತ ಕಷ್ಟದ್ದೆಲ್ಲ ಕವಿಯದೇ ಅಲ್ಲ, ಶುದ್ಧ ಕೈತಪ್ಪು ಕೂಡ ಕಷ್ಟವಾಗಿಯೇ ಕಾಣುತ್ತದೆ. ಸೂತ್ರ ಇದ್ದರೂ ತಲೆ ಓಡಿಸುವುದು ತಪ್ಪುವುದಿಲ್ಲ. ಡಿ.ಎಲ್. ನರಸಿಂಹಾಚಾರ್ಯರು 1964ರಲ್ಲಿ ಈ ವಿದ್ಯೆಗಾಗಿಯೇ 'ಕನ್ನಡ ಗ್ರಂಥ ಸಂಪಾದನೆ' ಬರೆದರು. ಇವತ್ತಿಗೂ ಹೊಸಬರು ಮೊದಲು ಕೈಗೆ ತಗೊಳ್ಳಬೇಕಾದ ಪುಸ್ತಕ ಅದೇ ಅಂತ ನನ್ನ ಅಭಿಪ್ರಾಯ.

ಲಿಪಿಕಾರನನ್ನು ಬಯ್ಯುವ ಮೊದಲು ಅವನ ಪಾಡು ನೋಡಬೇಕು. ಹಸ್ತಪ್ರತಿಗಳ ಕೊನೆಗೆ ಲಿಪಿಕಾರರು ಬರೆಯುತ್ತಿದ್ದ ಕೆಲವು ಸಂಸ್ಕೃತ ಶ್ಲೋಕಗಳಿವೆ. ಭಾರತದ ತುಂಬ ಓಡಾಡಿದ ಶ್ಲೋಕಗಳು. ಒಂದರಲ್ಲಿ ಅವನು ಹೇಳುತ್ತಾನೆ: ಬೆನ್ನು ಮುರಿಯಿತು, ಸೊಂಟ ಹೋಯಿತು, ಕುತ್ತಿಗೆ ಬಾಗಿತು, ಕಣ್ಣು ನಟ್ಟು ತಲೆ ತಗ್ಗಿಸಿ ಕಷ್ಟಪಟ್ಟು ಬರೆದಿದ್ದೇನೆ, ಜೋಪಾನ ಮಾಡಿ. ಇನ್ನೊಂದರಲ್ಲಿ ಪುಸ್ತಕವೇ ಮಾತಾಡುತ್ತದೆ: ಎಣ್ಣೆಯಿಂದ ಕಾಪಾಡಿ, ನೀರಿನಿಂದ ಕಾಪಾಡಿ, ಸಡಿಲ ಕಟ್ಟಿನಿಂದ ಕಾಪಾಡಿ, ಮೂರ್ಖನ ಕೈಗೆ ಮಾತ್ರ ಕೊಡಬೇಡಿ. ಎಣ್ಣೆ, ನೀರು, ಕಟ್ಟು ಎಲ್ಲ ಮನೆಯೊಳಗಿನ ಶತ್ರುಗಳು. ಮೂರನೆಯದು ಇನ್ನೂ ಜಾಣ: ನೋಡಿದ ಹಾಗೆ ಬರೆದಿದ್ದೇನೆ, ತಪ್ಪೋ ಒಪ್ಪೋ ನನ್ನ ದೋಷವಿಲ್ಲ.

ಇವರೆಲ್ಲ ಮಠದ ಮೂಲೆಯಲ್ಲಿ ಏಕಾಂತದಲ್ಲಿ ಕೂತವರಲ್ಲ. ಎಷ್ಟೋ ಜನ ಸಂಸಾರಸ್ಥರು. ಹಸ್ತಪ್ರತಿಯ ತಪ್ಪುಗಳಲ್ಲಿ ಬಹಳಷ್ಟು ಅಜ್ಞಾನದಿಂದ ಆದವಲ್ಲ, ಎದ್ದು ಹೋಗಿ ಬಂದದ್ದರಿಂದ ಆದವು. ಆ ತಪ್ಪನ್ನು ಹುಡುಕಲು ಕೂತ ಸಂಪಾದಕರದ್ದೂ ಅದೇ ಕಥೆ. ನಾನೂ ಬೀದರಿನ ಒಬ್ಬ ಗೆಳತಿಯೂ ಈಗ ಒಂದು ದೊಡ್ಡಾಟದ ಎರಡು ಕೈಬರಹದ ನೋಟ್‌ಬುಕ್ ಹೋಲಿಸುತ್ತಿದ್ದೇವೆ. ನಾಗಕನ್ಯೆಯ ಕಥೆ. ಅವರ ಹತ್ತಿರ ಒಂದು ಪ್ರತಿ, ನನ್ನ ಹತ್ತಿರ ಒಂದು. ಪತ್ರವ್ಯವಹಾರವೆಲ್ಲ ಫೋನಿನಲ್ಲೇ, ಫೋಟೋ ಮತ್ತು ಧ್ವನಿ ಸಂದೇಶ. ಮೊನ್ನೆ ಬಂದ ಸಂದೇಶ ಹೀಗಿತ್ತು: "ವೈನಿ, ಇಲ್ಲಿ ಹೂವ ಅಂತ ಅದ ನೋಡ್ರಿ, ಹಾವ ಅಲ್ಲ... ತಡೀರಿ, ಹಾಲು ಉಕ್ಕಲಾಕತ್ತದ." ಅಷ್ಟಕ್ಕೇ ಮುಗಿದಿತ್ತು. ನಾಯಕಿ ನಾಯಕನ ಕೈಗೆ ಹೂವು ಕೊಟ್ಟಳೋ ಹಾವು ಕೊಟ್ಟಳೋ ಎಂಬುದು ಮಧ್ಯಾಹ್ನದವರೆಗೆ ಗ್ಯಾಸ್ ಒಲೆಯ ಮೇಲೆ ಉಳಿಯಿತು. ಅಷ್ಟರಲ್ಲಿ ನಮ್ಮ ಓಣಿಯಲ್ಲಿ ನಳ ಬಂತು. ನಳ ಬಂದಾಗ ಎರಡು ಪ್ರತಿಗಳ ಪಾಠಾಂತರ ನೋಡುತ್ತಾ ಕೂಡುವವರು ಕಲಬುರಗಿಯಲ್ಲಿ ಯಾರೂ ಇಲ್ಲ.

ಈ ಕೆಲಸದಲ್ಲಿ ಪತ್ರ ಯಾಕೆ ಮುಖ್ಯ ಅಂದರೆ, ಅಚ್ಚಾದ ಪುಸ್ತಕ ತೀರ್ಮಾನವನ್ನು ಮಾತ್ರ ತೋರಿಸುತ್ತದೆ. ಅನುಮಾನ, ಜಗಳ, ಬೇಸರ ಎಲ್ಲ ಪತ್ರದಲ್ಲಿ ಉಳಿಯುತ್ತವೆ. ಇದಕ್ಕೆ ನನಗೆ ಬಹಳ ಇಷ್ಟವಾದ ಉದಾಹರಣೆ ಸ್ಕಾಟ್ಲೆಂಡಿನ ವಾಲ್ಟರ್ ಸ್ಕಾಟ್. ಕಾದಂಬರಿಕಾರ ಅಂತ ಹೆಸರಾಗುವ ಮೊದಲು ಅವನು ಹಳೆಯ ಪ್ರೇಮಕಾವ್ಯಗಳ ಸಂಪಾದಕ. ಎಡಿನ್‌ಬರೊದ ವಕೀಲರ ಗ್ರಂಥಾಲಯದಲ್ಲಿ ಆಕಿನ್‌ಲೆಕ್ ಹಸ್ತಪ್ರತಿ ಎಂಬ ದಪ್ಪ ಸಂಪುಟ ಇತ್ತು. ಸುಮಾರು 1330ರ ದಶಕದ್ದು. ಅದರೊಳಗಿನ 'ಸರ್ ಟ್ರಿಸ್ಟ್ರೆಮ್' ಎಂಬ ಕಾವ್ಯವನ್ನು ಅವನು 1804ರಲ್ಲಿ ಪ್ರಕಟಿಸಿದ. ಟ್ರಿಸ್ಟನ್ ಮತ್ತು ಇಸೋಲ್ಡೆಯ ಕಥೆ: ರಾಜನಿಗೆ ಮದುವೆಯಾಗಬೇಕಿದ್ದ ಹುಡುಗಿಯನ್ನು ಕರೆತರಲು ಹೋದ ವೀರ, ದಾರಿಯಲ್ಲಿ ಇಬ್ಬರೂ ತಿಳಿಯದೆ ಕುಡಿದ ವಶೀಕರಣದ ಮದ್ದು, ಆಮೇಲೆ ಬಿಡಿಸಲಾಗದ ಪ್ರೀತಿ.

ಅದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ಜಾರ್ಜ್ ಎಲ್ಲಿಸ್ ಎಂಬ ವಿದ್ವಾಂಸ ಹಳೆಯ ಇಂಗ್ಲಿಷ್ ಪ್ರೇಮಕಾವ್ಯಗಳ ಸಾರಸಂಗ್ರಹ ಸಿದ್ಧಮಾಡುತ್ತಿದ್ದ. ಅದು 1805ರಲ್ಲಿ ಬಂತು. ಇಬ್ಬರ ನಡುವೆ ಪತ್ರಗಳು ಓಡಾಡಿದವು. ಇಂಗ್ಲೆಂಡಿನಲ್ಲಿ ಫ್ರಾನ್ಸಿಸ್ ಡೌಸ್ ಎಂಬ ಸಂಗ್ರಾಹಕನ ಬಳಿ ಇದೇ ಕಥೆಯ ಫ್ರೆಂಚ್ ತುಣುಕುಗಳಿದ್ದವು. ಅವುಗಳ ಸಾರ ಸ್ಕಾಟನಿಗೆ ಬಂದದ್ದು ಎಲ್ಲಿಸ್ ಮೂಲಕ. ಫೋಟೋ ಇಲ್ಲದ ಕಾಲ. ದೂರದ ಹಸ್ತಪ್ರತಿ ನೋಡಬೇಕೆಂದರೆ ಅಲ್ಲಿರುವ ಗೆಳೆಯನ ಕಣ್ಣೇ ಗತಿ. ಅಂಚೆ ಖರ್ಚು ಪತ್ರ ತಗೊಂಡವನ ತಲೆಗೆ, ಹಾಳೆ ಹೆಚ್ಚಾದಷ್ಟೂ ದುಡ್ಡು ಹೆಚ್ಚು. ಪಾರ್ಲಿಮೆಂಟ್ ಸದಸ್ಯರ ಸಹಿ ಇದ್ದರೆ ಮಾತ್ರ ಪುಕ್ಕಟೆ. ಹಾಗಾಗಿ ಆ ಕಾಲದ ವಿದ್ವಾಂಸರಿಗೆ ಪಾರ್ಲಿಮೆಂಟಿನಲ್ಲಿ ಒಬ್ಬ ಗೆಳೆಯ ಇರುವುದು ಬಹಳ ಉಪಯೋಗದ ಸಂಗತಿ.

ಆ ಪತ್ರಗಳಲ್ಲಿ ಸಾಹಿತ್ಯ ಒಂದೇ ಇಲ್ಲ. ಸ್ಕಾಟ್ ಆಗ ಸೆಲ್‌ಕರ್ಕ್ ಸೀಮೆಯ ನ್ಯಾಯಾಧಿಕಾರಿ, ವಕೀಲ, ಸ್ವಯಂಸೇವಕರ ಕುದುರೆ ದಳದ ಅಧಿಕಾರಿ, ಮೇಲೆ ಸಣ್ಣ ಮಕ್ಕಳ ತಂದೆ. ನ್ಯಾಯಾಧಿಕಾರಿ ತನ್ನ ಸೀಮೆಯಲ್ಲೇ ವರ್ಷಕ್ಕೆ ಇಷ್ಟು ದಿನ ವಾಸ ಇರಬೇಕೆಂಬ ಒತ್ತಾಯ ಬಂದು, 1804ರಲ್ಲಿ ಆಶೆಸ್ಟೀಲ್ ಎಂಬ ಹಳ್ಳಿಮನೆಗೆ ಸಾಮಾನು ಸಾಗಿಸಿದ. ಮನೆ ಜೊತೆ ಕುರಿ ಬಂದವು. ಎಲ್ಲಿಸ್‌ಗೆ ಬರೆದ ಪತ್ರದಲ್ಲಿ ಅವನ ಗೋಳು ಓದಬೇಕು: ಒಂದು ತಿಂಗಳಿಗೂ ಹೆಚ್ಚು ಕಾಲ ತಲೆಯೊಳಗೆ ಕಾವ್ಯಕ್ಕೆ ಜಾಗವೇ ಇರಲಿಲ್ಲ, ಉದ್ದ ಕುರಿ, ಗಿಡ್ಡ ಕುರಿ, ಟಗರು, ಕುರಿಮರಿಗಳ ಲೆಕ್ಕದಲ್ಲಿ ಬುದ್ಧಿಯೇ ಕುರಿಹಟ್ಟಿ ಆಗಿಹೋಯಿತು ಎಂಬ ಧಾಟಿ. ಯಾದಗಿರಿ ಕಡೆ ಕುರಿ ಸಾಕಿದ ಯಾವ ಮನೆಯವರಿಗೂ ಇದು ಬಿಡಿಸಿ ಹೇಳಬೇಕಾಗಿಲ್ಲ.

ವಿಚಿತ್ರವೆಂದರೆ ಅಡಚಣೆಗಳೇ ಒಮ್ಮೊಮ್ಮೆ ಅವನಿಗೆ ಒದಗಿ ಬಂದವು. ಕುದುರೆ ದಳದ ಕವಾಯಿತಿನಲ್ಲಿ ಕುದುರೆ ಒದ್ದು ಮೂರು ದಿನ ಕೋಣೆ ಬಿಟ್ಟು ಹೊರಗೆ ಬರಲಾಗದಂತಾಯಿತು. ಆಗಲೇ ಅವನ ಮೊದಲ ದೊಡ್ಡ ಕಥನಕವನ ವೇಗ ಹಿಡಿದದ್ದು. ಇನ್ನೊಂದು ಹಸ್ತಪ್ರತಿ, ಅವನ ಮೊದಲ ಕಾದಂಬರಿ 'ವೇವರ್ಲಿ'ಯ ಆರಂಭದ ಭಾಗ, ವರ್ಷಗಟ್ಟಲೆ ಕಾಣೆಯಾಗಿತ್ತು. ಸಿಕ್ಕಿದ್ದು 1813ರಲ್ಲಿ, ಅತಿಥಿಗೆ ಮೀನು ಹಿಡಿಯುವ ಗಾಳ ಹುಡುಕುತ್ತಿದ್ದಾಗ, ಗಾಳದ ಸಾಮಾನಿನ ಡ್ರಾಯರಿನೊಳಗೆ.

ಟ್ರಿಸ್ಟ್ರೆಮ್ ವಿಷಯಕ್ಕೆ ಬರೋಣ. ಆ ಹಸ್ತಪ್ರತಿಯಿಂದ ಯಾರೋ ಚಿತ್ರಗಳ ಆಸೆಗೆ ತುಂಬ ಕಡೆ ಕತ್ತರಿ ಆಡಿಸಿದ್ದಾರೆ. ಈ ಕಾವ್ಯದ ಕೊನೆ ಇಲ್ಲ. ಗಾಯಗೊಂಡ ನಾಯಕ ಮಲಗಿದ್ದಾನೆ, ಅಲ್ಲಿಗೆ ಕಥೆ ತುಂಡು. ಇಂಥ ಕಡೆ ಸಂಪಾದಕ ಏನು ಮಾಡಬೇಕು? ಸ್ಕಾಟ್ ಕವಿಯೂ ಹೌದಲ್ಲ, ಕೈ ತಡೆಯಲಿಲ್ಲ. ಹನ್ನೊಂದು ಸಾಲಿನ, ನಡುವೆ ಒಂದು ಗಿಡ್ಡ ಸಾಲು ಬರುವ ಅದೇ ಹಳೆಯ ಧಾಟಿಯಲ್ಲಿ, ಅದೇ ಹಳೆಯ ಭಾಷೆಯಲ್ಲಿ ತಾನೇ ಕೊನೆ ಬರೆದ. ಆದರೆ ಇದು ನನ್ನ ಸೇರ್ಪಡೆ ಅಂತ ಬಾಯಿಬಿಟ್ಟು ಹೇಳಿದ. ಅದಕ್ಕೆ ನನ್ನ ತಕರಾರಿಲ್ಲ. ತಕರಾರು ಬೇರೆ ಕಡೆ. ಈ ಕಾವ್ಯ ತನ್ನ ನಾಡಿನ ಎರ್ಸಿಲ್ಡೂನಿನ ಥಾಮಸನದು, ಫ್ರೆಂಚರದ್ದು ಇದರ ನಂತರದ್ದು ಅಂತ ಅವನು ಹಟ ಹಿಡಿದ. ಈಗಿನ ವಿದ್ವಾಂಸರ ಲೆಕ್ಕ ಉಲ್ಟಾ: 12ನೇ ಶತಮಾನದ ಫ್ರೆಂಚ್ ಕಾವ್ಯವೇ ಮೊದಲು. ಊರಭಿಮಾನ ಸಂಪಾದಕರ ಕಣ್ಣಿಗೆ ಹಾಲು ಉಕ್ಕುವುದಕ್ಕಿಂತ ದೊಡ್ಡ ಅಡಚಣೆ. ಅಕ್ಷರ ಓದಿದ್ದರಲ್ಲೂ ತಪ್ಪುಗಳಿದ್ದವು. 1882ರಲ್ಲಿ ಜರ್ಮನಿಯ ಕೋಲ್ಬಿಂಗ್ ಎಂಬ ವಿದ್ವಾಂಸ ಅದೇ ಕಾವ್ಯವನ್ನು ಮತ್ತೆ ಸಂಪಾದಿಸಿದ.

ಸ್ಕಾಟನಿಗಿಂತ ಹಿಂದಿನ ಥಾಮಸ್ ಪರ್ಸಿ ಎಂಬ ಪಾದ್ರಿಯದ್ದು ಇನ್ನೊಂದು ದಾರಿ. ಗೆಳೆಯರೊಬ್ಬರ ಮನೆಯಲ್ಲಿ ಕೆಲಸದ ಹೆಣ್ಣುಮಕ್ಕಳು ಒಲೆ ಹಚ್ಚಲು ಹಾಳೆ ಹರಿಯುತ್ತಿದ್ದ ಒಂದು ಹಳೆಯ ಕೈಬರಹದ ಪುಸ್ತಕ ಅವನ ಕಣ್ಣಿಗೆ ಬಿತ್ತು. ಕೇಳಿ ತಗೊಂಡ. ಅದರೊಳಗೆ ಲಾವಣಿಗಳು, ಪ್ರೇಮಕಾವ್ಯಗಳು. ಉಳಿಸಿದ್ದು ಪುಣ್ಯದ ಕೆಲಸವೇ. ಆದರೆ 1765ರಲ್ಲಿ ಪ್ರಕಟಿಸುವಾಗ ತೂತು ಬಿದ್ದ ಕಡೆಯೆಲ್ಲ ತನ್ನ ಸಾಲು ಸೇರಿಸಿ, ಒರಟು ಕಂಡ ಕಡೆ ನಯ ಮಾಡಿ, ಯಾವುದು ಹಳತು ಯಾವುದು ತನ್ನದು ಎಂಬ ಗುರುತು ಅಳಿಸಿಬಿಟ್ಟ. ಜೋಸೆಫ್ ರಿಟ್ಸನ್ ಎಂಬ ಕಡು ಕೋಪಿಷ್ಠ ಇದನ್ನು ಕಂಡು ಕೆಂಡವಾದ. ಒಂದು ಅಕ್ಷರವೂ ಬದಲಾಗಬಾರದು ಎಂಬುದು ಅವನ ವ್ರತ. 1802ರಲ್ಲಿ ಪ್ರೇಮಕಾವ್ಯಗಳ ಮೂರು ಸಂಪುಟ ತಂದ. ಅವನು ಕಟ್ಟಾ ಸಸ್ಯಾಹಾರಿ ಬೇರೆ. ಸ್ಕಾಟನ ಮನೆಗೆ ಬಂದಾಗ ಊಟದ ಮೇಜಿನ ಮೇಲೆ ಮಾಂಸದ ವಿಷಯಕ್ಕೆ ರಂಪ ಮಾಡಿದ. ಅಲ್ಲಿದ್ದ ಜಾನ್ ಲೇಡನ್ ಎಂಬ ಸ್ಕಾಟನ ಸಹಾಯಕ ಅವನನ್ನು ಬೇಕಂತಲೇ ಕೆಣಕಿದನಂತೆ. ಈ ಲೇಡನ್ 1803ರಲ್ಲಿ ಮದ್ರಾಸಿಗೆ ಹಡಗು ಹತ್ತಿ ಬಂದು, ಮೈಸೂರು ಸೀಮೆಯ ಸರ್ವೆಯ ಜೊತೆ ವೈದ್ಯನಾಗಿ ಓಡಾಡಿದ. ಟ್ರಿಸ್ಟ್ರೆಮ್ ಗುಂಪಿನವನೊಬ್ಬ ಕನ್ನಡ ನಾಡಿನಲ್ಲಿ ತಿರುಗಿದ್ದ ಅನ್ನುವುದು ನನಗಂತೂ ಖುಷಿಯ ಸುದ್ದಿ.

ಪರ್ಸಿಯ ದಾರಿ, ರಿಟ್ಸನ್ ದಾರಿ. ಇವೆರಡರ ನಡುವೆ ಒಂದು ಶಾಸ್ತ್ರವನ್ನು ಕಟ್ಟಿದ್ದು 19ನೇ ಶತಮಾನದ ಜರ್ಮನ್ನರು, ಮುಖ್ಯವಾಗಿ ಲಾಕ್‌ಮನ್ ಹೆಸರಿನಲ್ಲಿ. ಅದರ ಬುಡ ಸರಳ. ಎರಡು ಪ್ರತಿಗಳಲ್ಲಿ ಸರಿಯಾದ ಸಾಲು ಒಂದೇ ತರ ಇದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ಒಂದೇ ತಪ್ಪು ಇದ್ದರೆ ತಿಳಿಯುತ್ತದೆ. ನನ್ನ ಪದ್ಯದ ಎರಡನೇ ಸಾಲು ಎರಡು ಪ್ರತಿಗಳಲ್ಲೂ ಇಲ್ಲ ಅನ್ನಿ, ಅವೆರಡೂ ಆ ಸಾಲು ಬಿಟ್ಟ ಒಂದೇ ತಾಯಿಪ್ರತಿಯಿಂದ ಬಂದಿರಬಹುದು. ಇಬ್ಬರ ಕಣ್ಣೂ ಬೇರೆ ಬೇರೆಯಾಗಿ ಜಾರಿರಲೂಬಹುದು, ಆದರೆ ಇಂಥ ಒಂದೇ ತಪ್ಪುಗಳು ಹಲವು ಕಡೆ ಸಿಕ್ಕರೆ ನಂಬಿಕೆ ಗಟ್ಟಿಯಾಗುತ್ತದೆ. ಮೂಗಿನಿಂದ ಮನೆತನ ಗುರುತಿಸುವ ಹಾಗೆ, ತಪ್ಪುಗಳಿಂದ ಪ್ರತಿಗಳ ವಂಶವೃಕ್ಷ ಬರೆಯಬಹುದು. ಇದರಿಂದ ದೊಡ್ಡ ಲಾಭ ಒಂದಿದೆ. ಹತ್ತು ಪ್ರತಿಗಳಲ್ಲಿ 'ಮೋಡ', ಒಂದರಲ್ಲಿ 'ಮಾಡ' ಇದ್ದರೆ ಬಹುಮತಕ್ಕೆ ಬೆಲೆ ಕೊಡಬೇಕಿಲ್ಲ. ಆ ಹತ್ತೂ ಒಂದೇ ತಾಯಿಯ ಮಕ್ಕಳಾದರೆ ಅವುಗಳದ್ದು ಒಂದೇ ಓಟು.

ಇದನ್ನು ಗಟ್ಟಿಯಾಗಿ ಪ್ರಶ್ನಿಸಿದವನು ಫ್ರಾನ್ಸಿನ ಜೋಸೆಫ್ ಬೆದಿಯೆ. ಅವನೂ ಟ್ರಿಸ್ಟನ್ ಕಥೆಯವನೇ, 12ನೇ ಶತಮಾನದ ಆ ಫ್ರೆಂಚ್ ಕಾವ್ಯದ ಸಂಪಾದಕ. ಸಂಪಾದಕರು ಬರೆದ ವಂಶವೃಕ್ಷಗಳನ್ನು ಒಟ್ಟು ಹಾಕಿ ನೋಡಿದ. ಬಹುತೇಕ ಎಲ್ಲವೂ ಬುಡದಲ್ಲೇ ಸರಿಯಾಗಿ ಎರಡು ಕವಲು. ನಿಜವಾದ ಕಾಡಿನಲ್ಲಿ ಎಲ್ಲ ಮರಗಳೂ ಎರಡೇ ಕವಲು ಒಡೆಯುತ್ತವೆಯೇ? ಎರಡು ಕವಲಿದ್ದರೆ ಒಂದು ಕಡೆ ಒಂದು ಓಟು, ಇನ್ನೊಂದು ಕಡೆ ಒಂದು ಓಟು, ಕೊನೆಯ ಮಾತು ಸಂಪಾದಕನದೇ. ಅಂದರೆ ಶಾಸ್ತ್ರದ ಹೆಸರಿನಲ್ಲಿ ಎಲ್ಲರೂ ತಮ್ಮ ಸ್ವಾತಂತ್ರ್ಯ ಉಳಿಸಿಕೊಂಡಿದ್ದಾರೆ ಅಂತ ಅವನ ಅನುಮಾನ. ಹಾಗಾಗಿ ಒಂದು ಒಳ್ಳೆಯ ಪ್ರತಿ ಆರಿಸಿ, ತೀರಾ ಕೆಟ್ಟದ್ದನ್ನು ಬಿಟ್ಟು ಉಳಿದದ್ದು ಮುಟ್ಟಬೇಡಿ ಅಂದ. ಜಗಳ ಇನ್ನೂ ಮುಗಿದಿಲ್ಲ. ಹಳಗನ್ನಡ ಪದ್ಯಕ್ಕೆ ಲಾಕ್‌ಮನ್ ದಾರಿ, ದೊಡ್ಡಾಟದ ನೋಟ್‌ಬುಕ್ಕಿಗೆ ಬೆದಿಯೆ ದಾರಿ ಅಂತ ನಾನು ಹೇಳುತ್ತೇನೆ. ದೊಡ್ಡಾಟದಲ್ಲಿ ಪ್ರತಿಯೊಬ್ಬ ಮಾಸ್ತರನೂ ಆಡಿಸುವಾಗ ಬದಲಾಯಿಸುತ್ತಾನೆ, ಅಲ್ಲಿ ಕವಿಯ ಮೂಲ ಹುಡುಕುವುದು ಅಷ್ಟು ಅರ್ಥವಿಲ್ಲದ್ದು.

ಹೋಲಿಸಲು ಎರಡನೇ ಪ್ರತಿಯೇ ಇಲ್ಲದಿದ್ದರೆ? ಅದಕ್ಕೆ ಉದಾಹರಣೆ ನಮ್ಮ ಬೀದರಿನದೇ. 15ನೇ ಶತಮಾನ, ಬಹಮನಿಗಳ ರಾಜಧಾನಿ ಕಲಬುರಗಿಯಿಂದ ಬೀದರಿಗೆ ಹೋದ ಕಾಲ. ಫಖ್ರುದ್ದೀನ್ ನಿಜಾಮಿ ಎಂಬ ಕವಿ ದಖನಿಯಲ್ಲಿ, ಅಂದರೆ ದಕ್ಖನಿನ ಹಳೆಯ ಉರ್ದುವಿನಲ್ಲಿ, ಒಂದು ಕಥನಕಾವ್ಯ ಬರೆದ. ದಖನಿಯಲ್ಲಿ ಈವರೆಗೆ ಸಿಕ್ಕ ಅತಿ ಹಳೆಯ ಮಸ್ನವಿ (ಜೋಡಿ ಪ್ರಾಸದ ಕಥನಕಾವ್ಯ) ಅದು. ಕದಂ ರಾವ್ ಎಂಬ ರಾಜ, ಪದಂ ರಾವ್ ಎಂಬ ನಾಗಮಂತ್ರಿ. ಒಬ್ಬ ಜೋಗಿ ಪರಕಾಯ ಪ್ರವೇಶದ ವಿದ್ಯೆ ಕಲಿಸುವ ನೆಪದಲ್ಲಿ ರಾಜನ ದೇಹದೊಳಗೆ ತಾನು ಸೇರಿಕೊಳ್ಳುತ್ತಾನೆ, ರಾಜ ಗಿಳಿಯಾಗುತ್ತಾನೆ. ಈ ಕಾವ್ಯಕ್ಕೆ ಇರುವುದು ಒಂದೇ ಹಸ್ತಪ್ರತಿ, ಅದರಲ್ಲೂ ಹಾಳೆಗಳು ಕಳೆದಿವೆ. ಕವಿ ಇಟ್ಟ ಹೆಸರೂ ಸಿಗದೆ, ಪಾತ್ರಗಳ ಹೆಸರಿನಿಂದಲೇ 'ಕದಂ ರಾವ್ ಪದಂ ರಾವ್' ಅಂತ ಕರೆಯುತ್ತಾರೆ. ಜಮೀಲ್ ಜಾಲಿಬಿ ಇದನ್ನು ಓದಿ 1973ರಲ್ಲಿ ಪ್ರಕಟಿಸಿದರು. ಪಾರಸಿ ಅಕ್ಷರದಲ್ಲಿ ನಾಡಿನ ಮಾತು ಬರೆದಾಗ ಟ, ಡ ಮುಂತಾದವಕ್ಕೆ ಗುರುತು ಇನ್ನೂ ನಿಂತಿರಲಿಲ್ಲ. ಚುಕ್ಕೆ ಒಂದು ಅಳಿಸಿದರೂ ಅಕ್ಷರವೇ ಬೇರೆ. ಹ್ರಸ್ವ ಸ್ವರಗಳನ್ನು ಬಹುಪಾಲು ಬರೆಯುವುದೇ ಇಲ್ಲ. ಹೋಲಿಕೆಗೆ ಇನ್ನೊಂದು ಪ್ರತಿ ಇಲ್ಲದಾಗ ಉಳಿಯುವುದು ಛಂದಸ್ಸು, ಕಥೆಯ ಓಟ, ಮತ್ತು ಆ ಮಾತನ್ನು ಇವತ್ತೂ ಆಡುವ ಜನ. ಈ ಕೊನೆಯದು ಬೀದರಿನ ಓಣಿಗಳಲ್ಲಿ ಇನ್ನೂ ಸಿಗುತ್ತದೆ.

ಓದುಗರಾಗಿ ನೀವು ಮಾಡಬಹುದಾದದ್ದು ಒಂದಿದೆ. ಹಳೆಯ ಕಾವ್ಯದ ಪುಸ್ತಕ ಕೊಂಡಾಗ ಪುಟದ ಕೆಳಗಿನ ಸಣ್ಣ ಅಕ್ಷರದ ಕಡೆ ಕಣ್ಣು ಹಾಯಿಸಿ. ಅಲ್ಲಿ ಕ, ಖ, ಗ ಅಂತ ಇರುವುದು ಪ್ರತಿಗಳ ಹೆಸರು. 'ಮೋಡ (ಕ, ಗ)' ಅಂತಿದ್ದರೆ ಆ ಎರಡು ಪ್ರತಿಗಳಲ್ಲಿ ಹಾಗಿದೆ, ಸಂಪಾದಕರು ಒಪ್ಪಿಲ್ಲ ಅಂತ ಅರ್ಥ. ಚೌಕ ಕಂಸದೊಳಗಿದ್ದರೆ ಸಾಮಾನ್ಯವಾಗಿ ಅದು ಸಂಪಾದಕರ ಊಹೆ, ಮುನ್ನುಡಿಯಲ್ಲಿ ಒಮ್ಮೆ ಖಾತ್ರಿ ಮಾಡಿಕೊಳ್ಳಿ. ಸಣ್ಣ ಅಕ್ಷರವೇ ಇಲ್ಲದ ಪುಸ್ತಕವಾದರೆ, ಅದರ ಹಿಂದೆ ಪರ್ಸಿ ಕೂತಿದ್ದಾನೋ ರಿಟ್ಸನ್ ಕೂತಿದ್ದಾನೋ ತಿಳಿಯುವ ದಾರಿಯೇ ಇಲ್ಲ. ಅಂಥದ್ದಕ್ಕೆ ನಾನು ದುಡ್ಡು ಹಾಕುವುದಿಲ್ಲ.

ಆಕಿನ್‌ಲೆಕ್ ಹಸ್ತಪ್ರತಿ ಈಗ ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. 2003ರಲ್ಲಿ ಅದರ ಪುಟಗಳೆಲ್ಲ ಅಂತರ್ಜಾಲಕ್ಕೆ ಬಂದವು, ಪುಕ್ಕಟೆ. ಕತ್ತರಿ ಬಿದ್ದ ಜಾಗಗಳೂ ಕಾಣುತ್ತವೆ. ಮೂಲ ಎಲ್ಲಿಗೆ ನಿಂತಿತು, ಸ್ಕಾಟ್ ಎಲ್ಲಿಂದ ಶುರು ಮಾಡಿದ ಅಂತ ಪಕ್ಕದಲ್ಲಿ ಅವನ ಪುಸ್ತಕ ಇಟ್ಟುಕೊಂಡು ನೀವೇ ನೋಡಬಹುದು.